ಪೆಟ್ಟಿಗೆ ದೊಡ್ಡದಾದ ಮಾತ್ರಕ್ಕೆ ಬಣ್ಣ ಬೆರೆಯುವುದಿಲ್ಲ

ಕಾಗದದ ಕರಕುಶಲಕ್ಕೆ ಕೈ ಹಾಕಿದವರು ಆಲ್ಕೋಹಾಲ್ ಮಾರ್ಕರ್‌ಗಳ, ಅಂದರೆ ಆಲ್ಕೋಹಾಲಿನಲ್ಲಿ ಕರಗಿದ ಶಾಯಿಯ ಬಣ್ಣದ ಪೆನ್ನುಗಳ, ತನಕ ಬಂದಾಗ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಎಂಬತ್ತೋ ನೂರಿಪ್ಪತ್ತೋ ಪೆನ್ನುಗಳ ಪೆಟ್ಟಿಗೆಯನ್ನು ಇಡಿಯಾಗಿ ಕೊಳ್ಳುತ್ತದೆ. ಇನ್ನೊಂದು ಒಂದೇ ಬಣ್ಣದ ತಿಳಿ, ನಡು, ಗಾಢ ಎಂದು ಮೂರು ಮೂರೇ ಆರಿಸಿಕೊಂಡು ಬಿಡಿಯಾಗಿ ಕೊಳ್ಳುತ್ತದೆ. ಕರ್ನಾಟಕದ ಹೊರಗೆ ನೆಲೆಸಿರುವ ನನಗೆ ಈ ಹವ್ಯಾಸದಲ್ಲಿ ಎರಡು ಗುಂಪುಗಳ ಒಡನಾಟವಿದೆ: ವಿಡಿಯೊ ಕರೆಯಲ್ಲಿ ಸಿಗುವ ಕನ್ನಡದ ಗೆಳೆಯ ಗೆಳತಿಯರು, ಮತ್ತು ಇಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಬಣ್ಣ ಹಚ್ಚುವ, ಕನ್ನಡ ಬಾರದ ಜೊತೆಗಾರರು. ಊರಿಗೊಂದು ರೀತಿ ಇರಬಹುದೆಂದು ನೋಡಿದರೆ ಹಾಗೇನೂ ಇಲ್ಲ. ಇಡಿ ಪಂಗಡದವರೂ ಬಿಡಿ ಪಂಗಡದವರೂ ಎರಡೂ ಕಡೆ ಇದ್ದಾರೆ. ಎರಡು ಭಾಷೆಗಳಲ್ಲಿಯೂ ವಾದ ಅದೇ. ನಾನು ಬಿಡಿಯವರ ಕಡೆ.

ದೊಡ್ಡ ಪೆಟ್ಟಿಗೆ ತೆರೆದಾಗ ಕಣ್ಣು ತುಂಬುವುದು ನಿಜ. ಆದರೆ ಆ ಪೆನ್ನುಗಳನ್ನು ಒಂದೊಂದಾಗಿ ಬಿಳಿ ಕಾರ್ಡಿನ ಮೇಲೆ ಎಳೆದು, ಪಕ್ಕದಲ್ಲಿ ಸಂಖ್ಯೆ ಬರೆದು, ಒಣಗಲು ಬಿಟ್ಟು ನೋಡಬೇಕು. ಮುಚ್ಚಳದ ಬಣ್ಣಕ್ಕೂ ಕಾಗದದ ಮೇಲೆ ಬಿದ್ದ ಬಣ್ಣಕ್ಕೂ ಎಷ್ಟೋ ಸಲ ತಾಳಮೇಳವೇ ಇರುವುದಿಲ್ಲ. ಹಸಿಯಾಗಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಇನ್ನೂ ಮುಖ್ಯವಾದ ಕೊರತೆ ಆಗ ಬಯಲಾಗುತ್ತದೆ: ಹಸಿರು ಹತ್ತಿದ್ದರೂ ಒಂದಕ್ಕೊಂದು ನಂಟಿರುವ ಮೂರು ಹಸಿರು ಸಿಗುವುದಿಲ್ಲ. ಒಂದು ನೀಲಿಯ ಕಡೆಗೆ ವಾಲಿದ್ದು, ಇನ್ನೊಂದು ಹಳದಿಯ ಕಡೆಗೆ, ಮತ್ತೊಂದು ಬೂದಿ ಬಳಿದಂತೆ. ನಡುಬಣ್ಣ ಮತ್ತು ಕಡುಬಣ್ಣಗಳು ಸಾಲುಗಟ್ಟಿ ನಿಂತಿರುತ್ತವೆ, ತೀರ ತಿಳಿಯಾದವು ಬೆರಳೆಣಿಕೆಯಷ್ಟು. ತಿಳಿಬಣ್ಣದ ಪೆನ್ನು ಪೆಟ್ಟಿಗೆಯ ಚಿತ್ರದಲ್ಲಿ ಮಂಕಾಗಿ ಕಾಣುತ್ತದೆ, ಆದ್ದರಿಂದ ಮಾರುವವರಿಗೆ ಅದರ ಮೇಲೆ ಅಕ್ಕರೆ ಕಡಿಮೆ ಎಂಬುದು ನನ್ನ ಅನುಮಾನ. ಆದರೆ ಬೆರೆಸುವ ಕೆಲಸವೆಲ್ಲ ನಡೆಯುವುದು ಆ ತಿಳಿ ಪೆನ್ನಿನಿಂದಲೇ.

ಬಿಡಿಯಾಗಿ ಕೊಳ್ಳುವವರಿಗೆ ದಾರಿ ತೋರಿಸುವುದರಲ್ಲಿ ಜಪಾನಿನ ಕಾಪಿಕ್ ಮಾರ್ಕರ್‌ಗಳ ಸಂಕೇತಗಳಿಗೆ ಸಾಟಿ ಕಡಿಮೆ. 1987ರಲ್ಲಿ ಮಾರುಕಟ್ಟೆಗೆ ಬಂದ ಈ ಪೆನ್ನುಗಳನ್ನು ಮೊದಲು ರೂಪಿಸಿದ್ದು ವಿನ್ಯಾಸಕಾರರಿಗಾಗಿ. ನಕಲು ಯಂತ್ರದಿಂದ ತೆಗೆದ ಪ್ರತಿಯ ಮೇಲೆ ಬಣ್ಣ ಹಚ್ಚಿದರೂ ಟೋನರ್, ಅಂದರೆ ಆ ಯಂತ್ರದ ಕಪ್ಪು ಪುಡಿ, ಕದಡಬಾರದು ಎಂಬುದು ಆಗಿನ ಅಗತ್ಯ. ಅವರ ಸ್ಕೆಚ್ ಸರಣಿಯಲ್ಲಿ 358 ಬಣ್ಣಗಳಿವೆ, ಆದರೂ ಗೊಂದಲವಿಲ್ಲ. ಅಕ್ಷರ ಬಣ್ಣದ ಕುಲವನ್ನು ಹೇಳುತ್ತದೆ: ಬಿ ಎಂದರೆ ನೀಲಿ, ವೈಜಿ ಎಂದರೆ ಹಳದಿ ಬೆರೆತ ಹಸಿರು, ಇ ಎಂದರೆ ಮಣ್ಣಿನ ಬಣ್ಣಗಳು. ಅಕ್ಷರದ ನಂತರದ ಮೊದಲ ಅಂಕೆ ಬಣ್ಣ ಎಷ್ಟು ಶುದ್ಧ, ಎಷ್ಟು ಬೂದು ಎಂಬುದನ್ನು ತಿಳಿಸುತ್ತದೆ. ಸೊನ್ನೆಯ ಹತ್ತಿರ ಹೊಳಪು, ಒಂಬತ್ತರ ಹತ್ತಿರ ಮಬ್ಬು. ಕೊನೆಯ ಅಂಕೆ ತಿಳಿಯಿಂದ ಗಾಢಕ್ಕೆ ಹೋಗುತ್ತದೆ. ಹಾಗಾಗಿ ವೈಜಿ03, ವೈಜಿ05, ವೈಜಿ07 ಒಂದೇ ಮನೆಯವು. ಬಿ32, ಬಿ34, ಬಿ37 ಇನ್ನೊಂದು ಮನೆ. ಅಕ್ಷರವೂ ಮೊದಲ ಅಂಕೆಯೂ ಒಂದೇ ಇರಲಿ, ಕೊನೆಯ ಅಂಕೆಯಲ್ಲಿ ಎರಡು ಮೂರರ ಅಂತರವಿರಲಿ. ಕಣ್ಣು ಮುಚ್ಚಿ ಕೊಂಡರೂ ಬೆರೆಯುವ ಮೂರು ಪೆನ್ನು ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ: ಬೇರೆ ಬೇರೆ ಕುಲಗಳ ನಡುವೆ ಕೊನೆಯ ಅಂಕೆಯನ್ನು ಹೋಲಿಸಬಾರದು. ಹಳದಿಯ ಏಳು ನೀಲಿಯ ಏಳರಷ್ಟು ಗಾಢವಾಗಿರುವುದು ಸಾಧ್ಯವೇ ಇಲ್ಲ.

ಇದನ್ನು ಓದಿ ಕಾಪಿಕ್ಕನ್ನೇ ಕೊಳ್ಳಬೇಕು ಎಂದುಕೊಳ್ಳಬೇಕಾಗಿಲ್ಲ. ಅವು ದುಬಾರಿ, ಅದರಲ್ಲಿ ಮುಚ್ಚುಮರೆಯಿಲ್ಲ. ಆ ಬೆಲೆಗೆ ಸಿಗುವುದೇನು ಎಂದರೆ ಶಾಯಿ ಮುಗಿದರೆ ತುಂಬಿಕೊಳ್ಳುವ, ನಿಬ್ ಸವೆದರೆ ಬದಲಾಯಿಸುವ ಅನುಕೂಲ. ಅವರ ಚಾವ್ ಸರಣಿ ಇದೇ ಶಾಯಿಯ ಅಗ್ಗದ ರೂಪ. ಕೊಳವೆ ಚಿಕ್ಕದು, ಬಣ್ಣಗಳು 180 ಮಾತ್ರ, ಆದರೆ ಅದೇ ಮೆದುವಾದ ಬ್ರಷ್ ನಿಬ್. ಹವ್ಯಾಸಿಗೆ ಅದು ಧಾರಾಳವಾಗಿ ಸಾಕು. ವಿನ್ಸರ್ ಆ್ಯಂಡ್ ನ್ಯೂಟನ್‌ನ ಪ್ರೋಮಾರ್ಕರ್, ಸ್ಪೆಕ್ಟ್ರಮ್ ನ್ವಾರ್, ಓಹುಹು ಎಲ್ಲವೂ ಬೆರೆಯುತ್ತವೆ. ಒಂದು ಕಂಪನಿಯ ಪೆನ್ನಿನ ಮೇಲೆ ಇನ್ನೊಂದರ ಪೆನ್ನು ಓಡಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಗಮನಿಸಬೇಕಾದದ್ದು ನಿಬ್. ಬ್ರಷ್‌ನಂತೆ ಬಾಗುವ ತುದಿ ಇದ್ದರೆ ಹೂವಿನ ಎಸಳಿನ ಮೊನೆಯವರೆಗೂ ಕೈ ಆಡುತ್ತದೆ. ಗಟ್ಟಿ ಗುಂಡು ತುದಿ ಅಥವಾ ಚಪ್ಪಟೆ ತುದಿ ಮಾತ್ರ ಇದ್ದರೆ ಸಣ್ಣ ಜಾಗದಲ್ಲಿ ಒದ್ದಾಡಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆಗಿಂತ, ಚಿಕ್ಕದಾಗಿ ಬರೆದಿರುವ ನಿಬ್ಬಿನ ವಿವರವನ್ನು ಮೊದಲು ಓದಿ.

ಪೆನ್ನಿಗಿಂತ ಮೊದಲು ಹಣ ಹಾಕಬೇಕಾದದ್ದು ಕಾಗದಕ್ಕೆ. ಈ ಮಾತಿಗೆ ಎರಡೂ ಗುಂಪುಗಳಲ್ಲಿ ನನಗೆ ಬೈಗುಳ ಸಿಕ್ಕಿದೆ, ಆದರೂ ಬಿಡುವುದಿಲ್ಲ. ಈ ಶಾಯಿ ಎಂದರೆ ಆಲ್ಕೋಹಾಲಿನಲ್ಲಿ ಕರಗಿದ ವರ್ಣ. ಆಲ್ಕೋಹಾಲಿನ ಒಂದು ಬಗೆಯಾದ ಎಥನಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ಗೆ, ನೀರು 100ಕ್ಕೆ; ಸಾಮಾನ್ಯ ಬಿಸಿಯಲ್ಲಿಯೂ ಆಲ್ಕೋಹಾಲ್ ನೀರಿಗಿಂತ ಬೇಗ ಹಾರಿಹೋಗುತ್ತದೆ. ಹಾರುವ ಮೊದಲು ಎರಡು ಬಣ್ಣಗಳು ಕಾಗದದ ಮೇಲ್ಪದರದಲ್ಲಿ ಸೇರಬೇಕು. ಕಾಗದ ಸಡಿಲವಾಗಿದ್ದರೆ ಶಾಯಿ ಒಮ್ಮೆಲೇ ಒಳಗಿಳಿದು, ಪಕ್ಕಕ್ಕೆ ಹರಡಿ, ಗೆರೆ ದಾಟುತ್ತದೆ. ಬೆರೆಯಲು ಮೇಲೇನೂ ಉಳಿದಿರುವುದಿಲ್ಲ. ಜಲವರ್ಣದ ಒರಟು ಕಾಗದ ಇನ್ನೂ ಕೆಟ್ಟದ್ದು: ಶಾಯಿಯನ್ನೂ ಕುಡಿಯುತ್ತದೆ, ಬ್ರಷ್ ನಿಬ್ಬಿನ ಎಳೆಗಳನ್ನೂ ಕೀಳುತ್ತದೆ. ಬೇಕಾದದ್ದು ಒತ್ತಾಗಿ ನೆಯ್ದುಕೊಂಡ ನಾರಿನ, ನುಣುಪಾದ, ದಪ್ಪ ಕಾರ್ಡ್. ಶುಭಾಶಯದ ಕಾರ್ಡ್ ಮಾಡುವವರು ಮತ್ತೆ ಮತ್ತೆ ಹೆಸರಿಸುವ ನೀನಾ ಸೋಲಾರ್ ವೈಟ್ ಕಾಗದದಲ್ಲಿ 80 ಪೌಂಡ್ ಎಂದು ಗುರುತಿಸಿದ ಹಾಳೆ 216 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 216 ಗ್ರಾಂ, ತೂಗುತ್ತದೆ. ಮಾರ್ಕರ್‌ಗೆಂದೇ ತಯಾರಾದ ಬ್ಲೆಂಡಿಂಗ್ ಕಾರ್ಡ್‌ಗಳೂ ಇವೆ. ಬಣ್ಣ ಹಿಂಬದಿಗೆ ಇಳಿಯುತ್ತದೆಂದು ಗಾಬರಿಯಾಗಬೇಡಿ. ಇಳಿಯಲೇಬೇಕು, ಕಾಗದ ಹದವಾಗಿ ನೆನೆದಿದೆ ಎಂಬುದಕ್ಕೆ ಅದೇ ಸಾಕ್ಷಿ. ಕಾಗದದ ಕರಕುಶಲದಲ್ಲಿ ಬಣ್ಣ ಹಚ್ಚಿದ ತುಂಡನ್ನು ಕತ್ತರಿಸಿ ಇನ್ನೊಂದರ ಮೇಲೆ ಅಂಟಿಸುವುದರಿಂದ ಹಿಂಬದಿಯನ್ನು ನೋಡುವವರು ಯಾರೂ ಇಲ್ಲ. ಕೆಳಗೊಂದು ರದ್ದಿ ಹಾಳೆ ಇಟ್ಟರೆ ಮೇಜು ಉಳಿಯುತ್ತದೆ.

ಇನ್ನು ಬೆರೆಸುವುದು. ಇಲ್ಲಿಯೂ ಎರಡು ರೀತಿ. ಗಾಢವನ್ನು ಮೊದಲು ಹಚ್ಚಿ, ತಿಳಿಯಿಂದ ಅದನ್ನು ಎಳೆದು ತರುವವರು ಕೆಲವರು. ತಿಳಿಯಿಂದ ಶುರುಮಾಡಿ, ನೆರಳಿಗೆ ಗಾಢ ಕೊಟ್ಟು, ಮತ್ತೆ ತಿಳಿಗೆ ಮರಳುವವರು ಹಲವರು. ನಾನು ಎರಡನೆಯದನ್ನು ನಂಬುತ್ತೇನೆ, ಏಕೆಂದರೆ ಮೊದಲ ತಿಳಿ ಪದರ ಕಾಗದವನ್ನು ನೆನೆಸಿಡುತ್ತದೆ, ನಂತರ ಬರುವ ಗಾಢ ಬಣ್ಣಕ್ಕೆ ಅಂಚು ಕಟ್ಟಲು ಅವಕಾಶ ಕೊಡುವುದಿಲ್ಲ. ಒಂದು ಎಲೆಯನ್ನೇ ತೆಗೆದುಕೊಳ್ಳಿ. ವೈಜಿ03ರಿಂದ ಇಡೀ ಎಲೆಯನ್ನು ತುಂಬಿ, ಆದರೆ ಅಂಚಿನ ಗೆರೆಯಿಂದ ಕೂದಲೆಳೆಯಷ್ಟು ಒಳಗೆ ನಿಲ್ಲಿಸಿ. ಉಳಿದಷ್ಟನ್ನು ಶಾಯಿಯೇ ಹರಡಿ ತುಂಬುತ್ತದೆ. ಹಸಿ ಇರುವಾಗಲೇ ನಡುನರದ ಒಂದು ಪಕ್ಕದಲ್ಲಿ ವೈಜಿ07ನ್ನು ಚಿಕ್ಕ ಚಿಕ್ಕ ಬೀಸುಗಳಲ್ಲಿ ಇಡಿ. ಪೆನ್ನನ್ನು ಒತ್ತಿ, ಎತ್ತುತ್ತಾ ಬೀಸಿದರೆ ಗೆರೆ ಬುಡದಲ್ಲಿ ದಪ್ಪವಾಗಿ ತುದಿಯಲ್ಲಿ ಸಣ್ಣಗಾಗುತ್ತದೆ. ಆ ಸಣ್ಣ ತುದಿಗಳ ಮೇಲೆ ವೈಜಿ05 ಓಡಿಸಿ. ಕೊನೆಗೆ ಮತ್ತೆ ವೈಜಿ03. ಎರಡು ಬಣ್ಣ ಸೇರುವ ಗಡಿಯಲ್ಲಿ ಸಣ್ಣ ಸುತ್ತುಗಳಲ್ಲಿ, ಅವಸರವಿಲ್ಲದೆ. ಗಡಿ ಕರಗುವುದು ಕಣ್ಣಿಗೇ ಕಾಣುತ್ತದೆ. ತಿಳಿ ಪೆನ್ನಿನ ತುದಿಗೆ ಗಾಢ ಬಣ್ಣ ಹತ್ತಿಕೊಂಡರೆ ರದ್ದಿ ಹಾಳೆಯ ಮೇಲೆ ನಾಲ್ಕು ಗೀಚು ಗೀಚಿ, ತುದಿ ತಾನಾಗಿ ಶುದ್ಧವಾಗುತ್ತದೆ. ಜಾಗ ದೊಡ್ಡದಿದ್ದರೆ ಇಡೀ ಚಿತ್ರವನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ, ಒಂದೊಂದು ಎಸಳು ಮುಗಿಸಿ ಮುಂದೆ ಹೋಗಿ.

ಜಲವರ್ಣ ಕಲಿತು ಬಂದವರಿಗೆ ಈ ಹಂತದಲ್ಲಿ ಕೈ ಕಟ್ಟಿದಂತಾಗುತ್ತದೆ. ಅವರ ಅಭ್ಯಾಸ ಒಂದು ಪದರ ಒಣಗಲು ಬಿಟ್ಟು ಅದರ ಮೇಲೆ ಇನ್ನೊಂದು ಹಚ್ಚುವುದು. ಅಲ್ಲಿ ತಾಳ್ಮೆಗೆ ಬೆಲೆಯಿದೆ, ಇಲ್ಲಿ ಕಾದಷ್ಟೂ ಪಟ್ಟೆಗಳು ಗಟ್ಟಿಯಾಗಿ ನಿಲ್ಲುತ್ತವೆ. ಅದಕ್ಕೆ ಪರಿಹಾರವೂ ಇದೆ: ನೀರಿಗೆ ಏಳದ ಒಣಗಿದ ಮಾರ್ಕರ್ ಬಣ್ಣ ಹೊಸ ಆಲ್ಕೋಹಾಲ್ ತಗುಲಿದರೆ ಮತ್ತೆ ಕದಲುತ್ತದೆ, ಆದ್ದರಿಂದ ತಿಳಿ ಪೆನ್ನಿನಿಂದ ಇನ್ನೊಮ್ಮೆ ನೆನೆಸಿದರೆ ಸುಧಾರಿಸಬಹುದು. ಎಷ್ಟು ಸಲ ಎಂಬುದಕ್ಕೆ ಮಾತ್ರ ಮಿತಿಯಿದೆ. ಕಾಗದ ತುಂಬಿಹೋದ ಮೇಲೆ ಬಣ್ಣ ಗೆರೆಯ ಆಚೆ ತೂರಿಕೊಳ್ಳುತ್ತದೆ. ಜಲವರ್ಣದವರ ಒಂದು ಒಳ್ಳೆಯ ಅಭ್ಯಾಸವನ್ನು ಮಾರ್ಕರ್‌ನವರು ಕದಿಯಬಹುದು: ಬಿಳಿಯನ್ನು ಬಿಟ್ಟು ಹಚ್ಚುವುದು. ಬೆಳಕು ಬೀಳುವ ಜಾಗವನ್ನು ಖಾಲಿ ಬಿಟ್ಟರೆ ಆಮೇಲೆ ಬಿಳಿ ಜೆಲ್ ಪೆನ್ನಿನಿಂದ ಚುಕ್ಕೆ ಇಡುವ ತೇಪೆ ಕೆಲಸ ತಪ್ಪುತ್ತದೆ.

ಬಣ್ಣವಿಲ್ಲದ ಬ್ಲೆಂಡರ್ ಪೆನ್ನಿನ ಬಗ್ಗೆ ಹೊಸಬರಿಗೆ ಇಲ್ಲದ ಆಸೆ ಹುಟ್ಟಿಸಲಾಗಿದೆ. ಎರಡು ಒಗ್ಗದ ಬಣ್ಣಗಳ ನಡುವೆ ಅದನ್ನು ಓಡಿಸಿದರೆ ಅವು ಬೆರೆಯುತ್ತವೆ ಎಂದುಕೊಂಡು ಮೊದಲ ದಿನವೇ ಕೊಳ್ಳುತ್ತಾರೆ. ಅದರೊಳಗಿರುವುದು ವರ್ಣವಿಲ್ಲದ ದ್ರಾವಕ ಮಾತ್ರ. ಅದು ಬಣ್ಣವನ್ನು ತಳ್ಳುತ್ತದೆ, ತೆಳುಗೊಳಿಸುತ್ತದೆ, ಬೆರೆಸುವುದರಲ್ಲಿ ಅಷ್ಟಕ್ಕಷ್ಟೇ. ಗೆರೆ ದಾಟಿದ ಬಣ್ಣವನ್ನು ಹೊರಗಿನಿಂದ ಒಳಕ್ಕೆ ನೂಕಲು, ಬಣ್ಣ ಬಿದ್ದ ಜಾಗದಲ್ಲಿ ತಿಳಿ ಚುಕ್ಕೆಗಳನ್ನು ಎಬ್ಬಿಸಲು ಅದು ಬೇಕು. ಬಟ್ಟೆಯ ತುಂಡನ್ನು ಆ ದ್ರವದಲ್ಲಿ ಅದ್ದಿ ಒತ್ತಿದರೆ ನೇಯ್ಗೆಯ ಗುರುತು ಬಣ್ಣದ ಮೇಲೆ ಮೂಡುತ್ತದೆ. ಟೋಪಿ, ಬುಟ್ಟಿಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಬೆರೆಸಲು ಬೇಕೆಂದರೆ ಮೂರು ಪೆನ್ನಿನ ಕುಲದಲ್ಲಿ ಅತಿ ತಿಳಿಯಾದದ್ದೇ ನಿಮ್ಮ ಬ್ಲೆಂಡರ್. ಹಣ ಉಳಿಸಬೇಕೆಂದರೆ ಇನ್ನೊಂದು ಉಪಾಯವಿದೆ. ಗಾಢ ಪೆನ್ನಿನ ತುದಿಗೆ ತಿಳಿ ಪೆನ್ನಿನ ತುದಿಯನ್ನು ಒಂದು ಕ್ಷಣ ಮುಟ್ಟಿಸಿ, ಆ ತಿಳಿ ಪೆನ್ನಿನಿಂದ ಗೆರೆ ಎಳೆಯಿರಿ: ಗೆರೆ ಗಾಢವಾಗಿ ಹೊರಟು ತಾನಾಗಿ ತಿಳಿಯಾಗುತ್ತಾ ಹೋಗುತ್ತದೆ. ಎರಡೇ ಪೆನ್ನಿನಲ್ಲಿ ಮೂರರ ಕೆಲಸ.

ಸ್ಟ್ಯಾಂಪಿನಿಂದ ಅಚ್ಚೊತ್ತಿದ ಚಿತ್ರಕ್ಕೆ ಬಣ್ಣ ಹಚ್ಚುವವರು ಅಚ್ಚಿನ ಶಾಯಿಯನ್ನು ನೋಡಿಕೊಳ್ಳಬೇಕು. ನೀರಿಗೆ ಜಗ್ಗದ ಶಾಯಿ ಆಲ್ಕೋಹಾಲಿಗೂ ಜಗ್ಗುವುದಿಲ್ಲ ಎಂಬ ಲೆಕ್ಕ ತಪ್ಪು. ಸ್ಟೇಜ್‌ಆನ್ ಎಂಬ ದ್ರಾವಕ ಆಧಾರಿತ ಅಚ್ಚಿನ ಶಾಯಿ ನೀರಿನಲ್ಲಿ ಬಂಡೆಯಂತೆ ನಿಂತು, ಮಾರ್ಕರ್ ತಗುಲಿದ ಕೂಡಲೇ ಕಪ್ಪು ಕಣ್ಣೀರು ಸುರಿಸುತ್ತದೆ. ಮೆಮೆಂಟೊ ಟಕ್ಸೀಡೊ ಬ್ಲ್ಯಾಕ್ ಎಂಬ ಕಪ್ಪು ಶಾಯಿ ಈ ಕೆಲಸಕ್ಕೆ ಸರಿ. ಕೈಯಲ್ಲೇ ಗೆರೆ ಎಳೆಯುವವರಿಗೆ ಕಾಪಿಕ್‌ನವರದೇ ಮಲ್ಟಿಲೈನರ್ ಎಂಬ ಗೆರೆ ಪೆನ್ನು ಇದೆ.

ದೂರದಲ್ಲಿರುವವರಿಗೆ ಅಂಚೆಯಲ್ಲಿ ಕಾರ್ಡ್ ಕಳುಹಿಸುವ ನನ್ನಂಥವರಿಗೆ ಇದರಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಆಲ್ಕೋಹಾಲ್ ಕಾಗದದ ನಾರನ್ನು ನೀರಿನಷ್ಟು ಉಬ್ಬಿಸುವುದಿಲ್ಲ, ಆದ್ದರಿಂದ ಕಾರ್ಡ್ ಸುರುಟದೆ ಲಕೋಟೆಯಲ್ಲಿ ಚಪ್ಪಟೆಯಾಗಿ ಹೋಗುತ್ತದೆ. ಆದರೆ ಇದು ದ್ರವದಲ್ಲಿ ಕರಗಿದ ವರ್ಣದ (ಡೈ) ಶಾಯಿ, ಕರಗದೆ ಸಣ್ಣ ಪುಡಿಯಾಗಿ ಉಳಿಯುವ ಪಿಗ್ಮೆಂಟ್ ಅಲ್ಲ, ಬಿಸಿಲಿಗೆ ಮಾಸುತ್ತದೆ. ಪಡೆದವರು ಪ್ರೀತಿಯಿಂದ ಕಿಟಕಿಯ ಎದುರಿಗೆ ಇಟ್ಟರೆ ಮೊದಲ ಪೆಟ್ಟು ಬೀಳುವುದು ತಿಳಿಬಣ್ಣಗಳಿಗೆ. ಕಾರ್ಡಿನ ಹಿಂದೆ ನಾನು ಒಂದು ಸಾಲು ಬರೆದೇ ಕಳುಹಿಸುತ್ತೇನೆ, ನೆರಳಿನಲ್ಲಿ ಇಡಿ ಎಂದು. ಪಾಲಿಸುವವರು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ, ಎಂಬತ್ತರ ಪೆಟ್ಟಿಗೆ ಈಗಾಗಲೇ ಮನೆಗೆ ಬಂದಿದೆ ಎನ್ನುವವರು ಅದನ್ನು ಮಾರಬೇಕಾಗಿಲ್ಲ. ನೀವು ನಿಜವಾಗಿ ಬಳಸುವ ಕಾರ್ಡಿನ ಮೇಲೆಯೇ ಎಲ್ಲವನ್ನೂ ಎಳೆದು, ಪಟ್ಟಿಗಳಾಗಿ ಕತ್ತರಿಸಿ, ಮೇಜಿನ ಮೇಲೆ ಹರಡಿಕೊಳ್ಳಿ. ತಿಳಿ, ನಡು, ಗಾಢ ಎಂದು ನಂಟಿರುವವುಗಳನ್ನು ಜೋಡಿಸುತ್ತಾ ಹೋಗಿ. ಎಂಟು ಹತ್ತು ಕುಲಗಳು ಕೂಡಿಬಂದರೆ ಅದೃಷ್ಟ. ಉಳಿದವುಗಳಲ್ಲಿ ನಡುವೂ ಗಾಢವೂ ಇದ್ದು ತಿಳಿ ಇಲ್ಲದ ಜೋಡಿಗಳು ಕಣ್ಣಿಗೆ ಬೀಳುತ್ತವೆ. ಆ ಖಾಲಿ ಜಾಗಗಳಿಗೆ ಮಾತ್ರ, ಬಿಡಿಯಾಗಿ, ಯಾವ ಕಂಪನಿಯದಾದರೂ ಸರಿ, ಒಂದೊಂದು ತಿಳಿ ಪೆನ್ನು ಕೊಳ್ಳಿ. ಎರಡು ತುದಿಯ ಪೆನ್ನುಗಳನ್ನು ಅಡ್ಡಲಾಗಿ ಮಲಗಿಸಿಡಿ, ಮುಚ್ಚಳ ಟಕ್ಕೆಂದು ಸದ್ದಾಗುವವರೆಗೆ ಒತ್ತಿ. ಯಾವ ಕುಲಕ್ಕೂ ಸೇರದೆ ಉಳಿದ ಆ ಮೂವತ್ತು ನಲವತ್ತು ಕಡುಬಣ್ಣಗಳನ್ನು ಮಕ್ಕಳಿಗೆ ಕೊಡುವ ಯೋಚನೆಯಿದ್ದರೆ, ಕಿಟಕಿ ತೆರೆದಿಟ್ಟು ಕೊಡಿ, ಸೋಫಾದಿಂದ ದೂರ ಕೂರಿಸಿ.