ಕುಂಡಕ್ಕೆ ತೂತು, ಬುಡಕ್ಕೆ ಸಿಮೆಂಟು

ನನ್ನ ಮೊದಲ ಬೋನ್ಸಾಯ್ ಸತ್ತ ಸುದ್ದಿ ನನಗೆ ಮುಟ್ಟಿದ್ದು ಅದು ಸತ್ತು ತಿಂಗಳಾದ ಮೇಲೆ. ಬೋನ್ಸಾಯ್ ಎಂದರೆ ಕುಂಡದಲ್ಲೇ ಕುಳ್ಳಾಗಿ ಬೆಳೆಸುವ ಮರ; ನನ್ನದು ಜೂನಿಪರ್. ಆ ಜಾತಿಯೇ ಅಂಥದು, ಜೀವ ಹೋದರೂ ಕೆಲವು ವಾರ ಬಣ್ಣ ಬಿಡುವುದಿಲ್ಲ. ಟಿ.ವಿ. ಪಕ್ಕದಲ್ಲಿಟ್ಟು, ದಿನಕ್ಕೆರಡು ಹೊತ್ತು ನೀರೆರೆದು, ಮನೆಗೆ ಬಂದವರಿಗೆಲ್ಲ ತೋರಿಸಿ ಬೀಗಿದ್ದೇ ಬೀಗಿದ್ದು. ಒಂದು ಬೆಳಿಗ್ಗೆ ಮುಟ್ಟಿದರೆ ಎಲೆಯೆಲ್ಲ ಪುಡಿಯಾಗಿ ಅಂಗೈಗೆ ಬಂತು. ಬೋನ್ಸಾಯ್ ಕಲಿಸುವ ಹಿರಿಯ ಮಹಿಳೆಯೊಬ್ಬರ ಮುಂದೆ ಕುಂಡ ಹಿಡಿದು ನಿಂತೆ. ಅವರು ಉಗುರಿನಿಂದ ಕಾಂಡವನ್ನು ಚೂರೇ ಚೂರು ಕೆರೆದರು. ಒಳಗೆ ಕಂದು. "ಕೆರೆದಾಗ ಹಸಿರು ಕಂಡರೆ ಜೀವ ಇದೆ ಎಂದು ಲೆಕ್ಕ. ನೀವು ಇಷ್ಟು ದಿನ ಹೆಣಕ್ಕೆ ಅಭಿಷೇಕ ಮಾಡಿದ್ದೀರಿ" ಎಂದರು. ಈ ಮಾತನ್ನು ನನ್ನ ಮನೆಯವಳು ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ.

ಅವರ ಶಿಷ್ಯನಾದೆ. ಆಲ, ಅತ್ತಿ, ಬಸರಿ ನಮ್ಮ ಹವೆಗೆ ಒಗ್ಗಿದ ಗಟ್ಟಿ ಜೀವಗಳು, ಕಲಿಯುವವನ ತಪ್ಪುಗಳನ್ನು ತಡೆದುಕೊಳ್ಳುತ್ತವೆ. ಅವಕ್ಕೂ ಬಿಸಿಲು ಬೇಕು, ಟಿ.ವಿ. ಬೇಡ. ಕುಂಡದ ತಳಕ್ಕೆ ತೂತು, ತೂತಿನ ಮೇಲೆ ಜಾಲರಿ, ಅದರ ಮೇಲೆ ಇಟ್ಟಿಗೆ ಚೂರು, ದಪ್ಪ ಮರಳು, ಗೊಬ್ಬರ ಬೆರೆಸಿದ ಸಡಿಲ ಮಣ್ಣು. ಬೇರು ನೀರು ಕುಡಿದರೆ ಸಾಲದು, ಉಸಿರಾಡಲೂ ಬೇಕು. ಆಕಾರ ಕೊಡಲು ಕೊಂಬೆಗೆ ಸುತ್ತಿದ ಅಲ್ಯೂಮಿನಿಯಂ ತಂತಿಯನ್ನು ತೊಗಟೆ ಕಚ್ಚುವ ಮೊದಲೇ ಬಿಚ್ಚಬೇಕು. ಕತ್ತರಿಸಿದ ಗಾಯಕ್ಕೆ ಮುಲಾಮು ಹಚ್ಚಬೇಕು. ಕಡ್ಡಿಯಷ್ಟು ದಪ್ಪದ ಒಂದು ಕೊಂಬೆ ತೆಗೆಯುವ ಮೊದಲು ಗುರುಗಳು ಕುಂಡವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, "ಮುಂದಿನ ಭಾನುವಾರ ನೋಡೋಣ" ಎಂದು ಎದ್ದುಬಿಡುತ್ತಿದ್ದರು.

ಇಷ್ಟೆಲ್ಲ ತಲೆಗೇರಿಸಿಕೊಂಡು ಮನೆಗೆ ಬಂದರೆ ನಮ್ಮ ರಸ್ತೆಯಲ್ಲಿ ಪಾದಚಾರಿ ಮಾರ್ಗದ ಕಾಮಗಾರಿ ನಡೆದಿತ್ತು. ಗೇಟಿನೆದುರು ಮೂವತ್ತು ವರ್ಷದ ಹೊಂಗೆಮರ. ಅದರ ಬುಡಕ್ಕೆ ಆತುಕೊಳ್ಳುವಂತೆ ಕಾಂಕ್ರೀಟು ಸುರಿದು ಹುಡುಗನೊಬ್ಬ ಕರಣೆಯಿಂದ ನುಣ್ಣಗೆ ತೀಡುತ್ತಿದ್ದ. ಕೈಚಳಕವನ್ನು ಮೆಚ್ಚಲೇಬೇಕು, ತೊಗಟೆಗೂ ಸಿಮೆಂಟಿಗೂ ನಡುವೆ ಇರುವೆ ಇಳಿಯುವಷ್ಟು ಸಂದಿಯನ್ನೂ ಬಿಟ್ಟಿರಲಿಲ್ಲ.

"ಬೇರಿಗೆ ನೀರು ಎಲ್ಲಿಂದಪ್ಪಾ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಮಳೆ ಮೇಲಿನಿಂದಲೇ ಬರುತ್ತದಲ್ಲ ಸಾರ್" ಎಂದ.

2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟು ತೆಗೆಯಲು ದೆಹಲಿಯವರಿಗೆ ಆದೇಶಿಸಿದ್ದನ್ನು ಹೇಳಿದೆ. "ಅದು ದೆಹಲಿ ಸಾರ್" ಎಂದ. ಭೂಗೋಳದಲ್ಲಿ ಅವನನ್ನು ಸೋಲಿಸುವಂತಿರಲಿಲ್ಲ.

ಬೆಂಗಳೂರಿನಲ್ಲಿ ಬೋನ್ಸಾಯ್ ಮಾಡುವವರು ತಾರಸಿಯ ಮೇಲಿನ ನಾಲ್ಕು ಜನ ಮಾತ್ರ ಎಂದುಕೊಂಡದ್ದು ನನ್ನ ಅಜ್ಞಾನ. ಇಡೀ ನಗರವೇ ಮಾಡುತ್ತಿದೆ. ಕುಂಡ ಸ್ವಲ್ಪ ದೊಡ್ಡದು, ತೂತು ಮಾತ್ರ ಇಲ್ಲ. ತಂತಿ ಸುತ್ತುವ ಭಾಗವನ್ನು ಕೇಬಲ್‌ನವರು ವಹಿಸಿಕೊಂಡಿದ್ದಾರೆ. ಬಿಚ್ಚುವ ಭಾಗ ಯಾರ ಟೆಂಡರಿನಲ್ಲೂ ಇಲ್ಲ. ಈ ರಾಜ್ಯೋತ್ಸವಕ್ಕೆ ಸುತ್ತಿದ ಸೀರಿಯಲ್ ದೀಪದ ಮೇಲೆಯೇ ಮುಂದಿನ ರಾಜ್ಯೋತ್ಸವದ್ದನ್ನು ಸುತ್ತುತ್ತಾರೆ.

ಶೈಲಿಯಲ್ಲೂ ನಾವು ಹಿಂದಿಲ್ಲ. ನೆಟ್ಟಗೆ ನಿಂತದ್ದು, ಓರೆಯಾದದ್ದು, ಗಾಳಿಗೆ ಒಂದೇ ಕಡೆ ವಾಲಿದ್ದು, ಜಲಪಾತದಂತೆ ಇಳಿಬಿದ್ದದ್ದು ಎಂದು ಜಪಾನಿಯರು ಬಗೆಬಗೆಯಾಗಿ ಹೆಸರಿಟ್ಟಿದ್ದಾರೆ. ಗಾಳಿಯ ಶೈಲಿ ಕೈಗೂಡಲು ಅವರಿಗೆ ವರ್ಷಗಳು ಹಿಡಿಯುತ್ತವೆ. ನಮ್ಮಲ್ಲಿ ಮುಂಗಾರಿಗೆ ಮುಂಚೆ ಒಬ್ಬ ಮಚ್ಚು ಹಿಡಿದು ಮರ ಹತ್ತಿದರೆ ವಿದ್ಯುತ್ ತಂತಿಯ ಕಡೆಯದೆಲ್ಲ ಹತ್ತು ನಿಮಿಷದಲ್ಲಿ ನೆಲಕ್ಕೆ. ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲು ಭಾರ, ಕೆಳಗೆ ಚರಂಡಿಗೆಂದು ಕಡಿದ ಬೇರು. ಮೊದಲ ಬಿರುಮಳೆಗೆ ಯಾರದೋ ಕಾರಿನ ಮೇಲೆ ಇಳಿಬಿದ್ದರೆ ಜಲಪಾತ ಶೈಲಿಯೂ ಸಿದ್ಧ. ಮರುದಿನವೇ ಬಡಾವಣೆಯವರ ಮನವಿ: ಅಪಾಯಕಾರಿ ಮರಗಳನ್ನು ತೆರವುಗೊಳಿಸಿ. ಅಪಾಯಕಾರಿ ಚರಂಡಿಯನ್ನು ತೆರವುಗೊಳಿಸಿ ಎಂದು ಯಾರೂ ಸಹಿ ಹಾಕಿದ್ದನ್ನು ನಾನು ಕಂಡಿಲ್ಲ.

ವಾಷಿಂಗ್ಟನ್ನಿನಲ್ಲಿ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. 1625ರಿಂದ ಬೋನ್ಸಾಯ್ ಆಗಿ ಬೆಳೆದು ಬಂದದ್ದು. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಅದು ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಯಮಾಕಿ ಕುಟುಂಬದ ನರ್ಸರಿಯ ಗೋಡೆಯ ಮರೆಯಲ್ಲಿತ್ತು, ಬದುಕಿಕೊಂಡಿತು. 1976ರಲ್ಲಿ ಆ ಮನೆಯವರು ಅದನ್ನು ಅಮೆರಿಕಕ್ಕೇ ಉಡುಗೊರೆ ಕೊಟ್ಟರು. ಅದೇ 1976ನೇ ಇಸವಿಯ ಹೆಸರು ಹೊತ್ತ ಕಾಯ್ದೆಯೊಂದು ನಮ್ಮಲ್ಲೂ ಇದೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ ಮರ ಕಡಿಯುವುದೆಂದರೆ ಕೊಡಲಿ ಹಾಕುವುದಷ್ಟೇ ಅಲ್ಲ, ಬೇರಾವ ರೀತಿಯಲ್ಲಿ ಹಾನಿ ಮಾಡಿದರೂ ಕಡಿದ ಹಾಗೆಯೇ. ಬಾಂಬು ತಡೆದುಕೊಂಡ ಆ ಪೈನ್ ನಮ್ಮ ಮೇಸ್ತ್ರಿಯ ಕೈಗೆ ಸಿಗಲಿಲ್ಲ, ಅದರ ಪುಣ್ಯ.

ಹೊಂಗೆಗೆ ಕಾಂಕ್ರೀಟು ಹಾಕಿ ಎರಡು ಬೇಸಿಗೆ ಕಳೆದವು. ‘ನೋಡಿ, ಏನೂ ಆಗಿಲ್ಲ, ಹಸಿರಾಗಿಯೇ ಇದೆ’ ಎಂದು ಎದುರುಮನೆಯವರು ನನ್ನನ್ನು ಸಮಾಧಾನಪಡಿಸುತ್ತಾರೆ. ನಾನೂ ಜೂನಿಪರ್ ಬಗ್ಗೆ ಹೀಗೆಯೇ ಹೇಳುತ್ತಿದ್ದೆ. ಈ ಸಲದ ಚಿಗುರು ಯಾಕೋ ಸಣ್ಣದಾಗಿತ್ತು. ಮೊನ್ನೆ ಸಂಜೆ ತಡೆಯಲಾರದೆ ಹತ್ತಿರ ಹೋಗಿ, ಕೈಗೆಟಕುವ ಕಿರುಕೊಂಬೆಯೊಂದನ್ನು ಬಗ್ಗಿಸಿ ಉಗುರಿನಿಂದ ಕೆರೆಯತೊಡಗಿದೆ.

"ಏನ್ ಸ್ವಾಮಿ ಅದು?" ಪಕ್ಕದ ಅಪಾರ್ಟ್‌ಮೆಂಟಿನ ಕಾವಲುಗಾರ ಗದರಿಸಿದ. "ಓದಿದವರ ಹಾಗೆ ಕಾಣುತ್ತೀರಿ. ಮರಕ್ಕೆ ಗಾಯ ಮಾಡಬಾರದು ಎಂದು ಗೊತ್ತಿಲ್ಲವೇ? ಕೇಸಾಗುತ್ತದೆ."

ಹಾಗೆಂದವನು ತನ್ನ ಊಟದ ಚೀಲವನ್ನು ಕಾಂಡದಲ್ಲಿದ್ದ ಮೊಳೆಗೆ ನೇತುಹಾಕಿ, ‘ಪುರುಷರ ಪಿ.ಜಿ., ಊಟ ಸಹಿತ’ ಎಂಬ ಫಲಕದ ಕೆಳಗೆ ಕುರ್ಚಿ ಎಳೆದುಕೊಂಡು, ನಾನು ಕದಲುವವರೆಗೂ ನನ್ನ ಉಗುರನ್ನೇ ನೋಡುತ್ತ ಕುಳಿತ.