ಸ್ಪಷ್ಟನೆ: ನಿಲ್ಲಿಸಿಟ್ಟ ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸಬೇಡಿ

"ಚಳಿಗಾಲಕ್ಕೆ ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಕೀ ಕೊಟ್ಟು, ವಾರಕ್ಕೊಮ್ಮೆ 10 ನಿಮಿಷ ಎಂಜಿನ್ ಓಡಿಸಲು ಹೇಳಿ, ಬ್ಯಾಟರಿ ಉಳಿಯುತ್ತದೆ" ಎಂಬ ಸಂದೇಶ ಕೆನಡಾ, ಅಮೆರಿಕದ ಮಿನೆಸೋಟ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ತಣ್ಣಗಾದ ಬ್ಯಾಟರಿ ಚಾರ್ಜ್ ಹೀರುವುದೇ ನಿಧಾನ. ಸ್ಟಾರ್ಟ್ ಮಾಡಲು ಖರ್ಚಾದದ್ದು ನಿಂತಲ್ಲೇ 10 ನಿಮಿಷ ಓಡಿಸಿದರೆ ಪೂರ್ತಿ ವಾಪಸಾಗದಿರಬಹುದು. ಅದಕ್ಕಿಂತ ಕೆಟ್ಟದ್ದು, ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿಯುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಾದರೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ ಪ್ರಾಣಕ್ಕೇ ಸಂಚಕಾರ.

ಸರಿಯಾದ ಕ್ರಮ: ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ (12.6 ವೋಲ್ಟ್ ಅಥವಾ ಹೆಚ್ಚು), ಮೇಂಟೇನರ್‌ಗೆ (ಚಾರ್ಜ್ ಇಳಿಯದಂತೆ ಕಾಯುವ ಸಣ್ಣ ಚಾರ್ಜರ್) ಜೋಡಿಸಿ. ಹತ್ತಿರದಲ್ಲಿ ಕರೆಂಟ್ ಪ್ಲಗ್ ಇಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಪೂರ್ತಿ ಖಾಲಿಯಾದ ಬ್ಯಾಟರಿ ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟಿ ಒಡೆಯಬಹುದು. ತುಂಬಿದ್ದು ಮೈನಸ್ 40ರಲ್ಲೂ ಹೆಪ್ಪುಗಟ್ಟದು. ಟ್ಯಾಂಕ್ ಬಹುತೇಕ ತುಂಬಿಸಿ, ಫ್ಯುಯೆಲ್ ಸ್ಟೆಬಿಲೈಸರ್ (ಪೆಟ್ರೋಲ್ ಕೆಡದಂತೆ ಬೆರೆಸುವ ದ್ರವ) ಹಾಕಿ, ಅದು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ವರೆಗೆ ತಲುಪುವಂತೆ ಒಂದು ಸುತ್ತು ಓಡಿಸಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಪ್ಯಾಡ್ ಅಂಟಿಕೊಳ್ಳಬಹುದು. ಚಕ್ರಕ್ಕೆ ಅಡ್ಡಗಟ್ಟೆ ಸಾಕು.

ನಡುವೆ ಓಡಿಸಲೇಬೇಕೆಂದರೆ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ. ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.