ಸ್ಪೀಡ್ ಟೆಸ್ಟ್ ನಂಬಿ ಊರು ಬದಲಿಸುವವರಿಗೆ

ಬೆಳಗ್ಗೆ ಎದ್ದು ಫೇಸ್‌ಬುಕ್ ತೆರೆದರೆ ಮತ್ತೊಂದು ಸ್ಕ್ರೀನ್‌ಶಾಟ್. "ಮಹಾನಗರ ಬಿಟ್ಟೆ, ಪುಟ್ಟ ಊರು ಸೇರಿದೆ, ನೋಡಿ ಇಲ್ಲೂ 100 ಎಂಬಿಪಿಎಸ್!" ಸ್ವಾಮೀ, ಆ 100 ಡೌನ್‌ಲೋಡಿನದು. ಅದೂ ಕರೆಂಟ್ ಇರುವಾಗ. 2020ರಿಂದ ಈಚೆಗೆ ಮನೆಯಿಂದಲೇ ಆಫೀಸ್ ಕೆಲಸ ಮಾಡೋಣವೆಂದು ಗಂಟುಮೂಟೆ ಕಟ್ಟಿದವರಲ್ಲಿ ಎಷ್ಟೋ ಜನ ಈ ಒಂದು ಅಂಕಿಗೇ ಜೋತುಬಿದ್ದಿದ್ದಾರೆ.

ಮೀಟಿಂಗಿನಲ್ಲಿ ನಿಮ್ಮ ಮುಖ, ದನಿ ಹೋಗುವುದು ಅಪ್‌ಲೋಡಿನಲ್ಲಿ. ಒಬ್ಬರ ವಿಡಿಯೊ ಕಾಲ್‌ಗೆ 3-4 ಎಂಬಿಪಿಎಸ್ ಧಾರಾಳ ಸಾಕು, ಆದರೆ ಒಂದೇ ಸಮ ಹರಿಯಬೇಕು. ಸ್ಪೀಡ್ ಟೆಸ್ಟ್ ಅರ್ಧ ನಿಮಿಷದ್ದು, ಕೆಲಸ ಎಂಟು ಗಂಟೆಯದ್ದು. ಬಾಡಿಗೆ ಮನೆಗೆ ಮುಂಗಡ ಕೊಡುವ ಮೊದಲು ಪಕ್ಕದ ಮನೆಯವರನ್ನಾದರೂ ಕೇಳಿ, ಅವರ ಲೈನಿಗೆ ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲೇ ಸಿಕ್ಕಿಸಿ (ವೈಫೈ ಬೇಡ) ಒಂದಿಡೀ ದಿನ ಪಿಂಗ್ (ಪುಟ್ಟ ಡೇಟಾ ತುಣುಕು, ಅಂದರೆ ಪ್ಯಾಕೆಟ್, ಕಳಿಸಿ ಉತ್ತರ ಬಂತೇ ಎಂದು ಸಾಲುಸಾಲಾಗಿ ತೋರಿಸುವ ಕಮಾಂಡ್) ಓಡಿಸಿ. ರಾತ್ರಿ ಏಳರಿಂದ ಹತ್ತರ ಸಾಲುಗಳನ್ನು ನೋಡಿ. ನೂರಕ್ಕೆ ನಾಲ್ಕೈದು ಪ್ಯಾಕೆಟ್ ಬಿದ್ದುಹೋಗುತ್ತಿದ್ದರೆ ದನಿ ತುಂಡುತುಂಡು.

ಇನ್ನು ಕರೆಂಟು. "ಇನ್ವರ್ಟರ್ ಇದೆಯಲ್ಲ" ಅನ್ನುತ್ತೀರಿ. ಇರಲಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, ಪರಿವರ್ತನೆಯಲ್ಲಿ ಸೋರಿದ್ದು ಕಳೆದರೆ ಉಳಿಯುವುದು 700 ಚಿಲ್ಲರೆ. ಲ್ಯಾಪ್‌ಟಾಪ್ 50, ಫ್ಯಾನ್ 70, ರೌಟರು ಮತ್ತು ಫೈಬರ್ ಡಬ್ಬಿ (ಹೊರಗಿನ ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆ) ಸೇರಿ 20 ವ್ಯಾಟ್: ಐದು ಗಂಟೆ ನಡೆಯುತ್ತದೆ. ರೌಟರಿಗೊಂದು ಪುಟ್ಟ ಡಿಸಿ ಯುಪಿಎಸ್ (ಕರೆಂಟ್ ಹೋದರೂ ಅದನ್ನು ನಡೆಸುವ ಬ್ಯಾಟರಿ ಡಬ್ಬಿ) ಇಟ್ಟರೆ ಇನ್ನೂ ಒಳ್ಳೆಯದು. ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದಿದ್ದರೆ 12 ಕೊಡಬೇಡಿ, ಸುಟ್ಟುಹೋದೀತು.

ನನಗೆ ಮೈಯೆಲ್ಲ ಉರಿಯುವುದು ಇದರ ಮುಂದಿನ ಭಾಗಕ್ಕೆ. ಇನ್ವರ್ಟರಿನಿಂದ ಮನೆಯಲ್ಲಿ ದೀಪವೆಲ್ಲ ಉರಿಯುತ್ತಿರುತ್ತದೆ, ಫೈಬರ್ ಡಬ್ಬಿಯಲ್ಲಿ 'ಲಾಸ್' ಎಂಬ ಕೆಂಪು ದೀಪ ಮಿಣಮಿಣ. ಅಂದರೆ ಫೈಬರಿನೊಳಗೆ ಇಂಟರ್ನೆಟ್ ಹೊತ್ತು ತರುವ ಬೆಳಕೇ ನಿಮ್ಮ ಮನೆಗೆ ಬರುತ್ತಿಲ್ಲ. ಒಂದೋ ತಂತಿ ತುಂಡಾಗಿದೆ, ಇಲ್ಲವೇ ಬೀದಿಯ ಕಂಬದ ಮೇಲಿನ ಸ್ವಿಚ್ಚಿಗೆ (ಇಂಟರ್ನೆಟ್ಟನ್ನು ಮನೆಮನೆಗೆ ಹಂಚುವ ಡಬ್ಬಿಗೆ) ಕರೆಂಟಿಲ್ಲ. ಬೆಳಕನ್ನು ಹಂಚುವ ಸ್ಪ್ಲಿಟರಿಗೆ ಕರೆಂಟ್ ಬೇಕಿಲ್ಲ, ಆದರೆ ಅಗ್ಗಕ್ಕೆ ಎಳೆದ ಲೈನುಗಳಲ್ಲಿ ದಾರಿಯುದ್ದಕ್ಕೂ ಕರೆಂಟ್ ಬೇಡುವ ಸ್ವಿಚ್ಚುಗಳೇ. ನಿಮ್ಮ ಬ್ಯಾಟರಿಗೂ ಅದಕ್ಕೂ ಏನು ಸಂಬಂಧ?

"ಮೊಬೈಲ್ ಹಾಟ್‌ಸ್ಪಾಟ್ ಇದೆ" ಎನ್ನುವವರಿಗೆ: ಇದೆ, ಟವರಿನ ಬ್ಯಾಟರಿ ಮುಗಿಯುವ ತನಕ. ನಿಮ್ಮ ಹಾಗೆ ಊರು ಸೇರಿದವರೆಲ್ಲ ಅದೇ ಹೊತ್ತಿಗೆ ಅದೇ ಟವರಿಗೇ ತಗುಲಿಕೊಂಡಿರುತ್ತಾರೆ. ಎರಡು ಕಂಪನಿಯ ಲೈನ್ ಹಾಕಿಸಿಕೊಂಡ ಜಾಣರೂ ಇದ್ದಾರೆ, ಎರಡೂ ಒಂದೇ ಕಂಬದಿಂದ! ಒಂದು ಕೊಂಬೆ ಬಿದ್ದರೆ ಎರಡೂ ಢಮಾರ್. (ಪಟ್ಟಣ ಬಿಟ್ಟು ಹೋದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಹೌದು, ಅದು ಬೇರೆ ಮಾತು.)

ಹಾಗಾಗಿ ಕೇಬಲ್ಲಿನವನನ್ನು ಸ್ಪೀಡ್ ಎಷ್ಟು ಎಂದು ಕೇಳಬೇಡಿ. ಕಂಬದ ಡಬ್ಬಿಗೆ ಕರೆಂಟ್ ಎಲ್ಲಿಂದ, ಹೋದರೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಕೇಳಿ. ಅವನು ತಲೆ ಕೆರೆದುಕೊಂಡರೆ ಮುಂಗಡ ಜೇಬಲ್ಲೇ ಇರಲಿ.